ಪೀಠದ ಮೇಲೆ ಎಮ್ಮೆಯ ಪುಸ್ತಕ

ನಾಲ್ಕೂವರೆ ವರ್ಷದ ಹುಡುಗ ಪುಸ್ತಕ ಓದಿದ. ಅಂದು ಮಧ್ಯಾಹ್ನ ಶಿರಗುಪ್ಪಿಯ ಮಗದುಮ್ ಮನೆಯಲ್ಲಿ ಯಾರೂ ನೆಟ್ಟಗೆ ಉಣ್ಣಲಿಲ್ಲ.

ಹುಡುಗನ ಹೆಸರು ಅಭಿನಂದನ. ಇನ್ನೂ ಶಾಲೆಗೆ ಹೆಸರು ಹಚ್ಚಿರಲಿಲ್ಲ. ಅ ಯಾವುದು, ಆ ಯಾವುದು ತಿಳಿಯದು. ಅಂಥವನು ಪಡಸಾಲೆಯ ಮೂಲೆಯಲ್ಲಿ ಕೆಂಪು ರಟ್ಟಿನ ಚಿತ್ರದ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಕುಳಿತು, ಪುಟ ತಿರುವುತ್ತ ಗಟ್ಟಿಯಾಗಿ ಹೇಳುತ್ತಿದ್ದ.

“ಎಮ್ಮೆ ಬಂತು ಬಸ್ ಸ್ಟ್ಯಾಂಡಿಗೆ. ಕೋಡಿಗೆ ಇತ್ತು ಕೈಚೀಲ. ಕಂಡಕ್ಟರ್ ಕೇಳಿದ, ಎಮ್ಮೆಯವರೇ, ಟಿಕೆಟ್ ಎಲ್ಲಿಗೆ?”

ಅಜ್ಜ ಮಹಾವೀರ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ತಾಟಿನ ಮುಂದಿನಿಂದ ಎದ್ದು ನಿಂತ.

“ಏ ಕುಸುಮಾ! ಕೇಳಿದೇನ? ಓದಾಕತ್ತಾನ! ಪುಸ್ತಕ ಓದಾಕತ್ತಾನ!”

ಹೆಂಡತಿ ಕುಸುಮ ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು. “ಯಾರ್ರಿ?”

“ಯಾರಂತ ಕೇಳತಾಳ! ಕಣ್ಣ ಇಲ್ಲೇನ ನಿನಗ? ಎದುರಿಗೆ ಕುಂತಾನ ನಿನ್ನ ಮೊಮ್ಮಗ. ಅಕ್ಷರಗೆಟ್ಟಾಕಿಗೆ ಹೇಳಿ ಏನ ಉಪಯೋಗ.”

ಸೊಸೆ ಕಾಜಲ ರೊಟ್ಟಿ ಬಡಿಸುತ್ತಿದ್ದಳು. ನಿಪ್ಪಾಣಿಯ ಹುಡುಗಿ, ಬಿ.ಎ. ಮಾಡಿದವಳು. ಪಂಚಾಯತಿ ಲೈಬ್ರರಿಯಲ್ಲಿ ಮಕ್ಕಳ ಚಿತ್ರದ ಪುಸ್ತಕ ಬಂದಿವೆ ಎಂದು ತಿಳಿದ ದಿನದಿಂದ ವಾರಕ್ಕೆ ಎರಡು ತಂದು ಮಗನಿಗೆ ಓದಿ ಹೇಳುತ್ತಿದ್ದಳು. ಅವಳು ನಕ್ಕಳು.

“ಮಾವಾರ, ಅದ ಓದೂದ ಅಲ್ರಿ. ಬಾಯಿಪಾಠ. ದಿನಾ ಎಂಟ ಸಲ ಅದನ್ನ ಓದಸತಾನ ನನ್ನ ಕಡೆ.”

“ಬಾಯಿಪಾಠ ಇದ್ರ ಪುಟಾ ಹೆಂಗ ಸರಿಯಾಗಿ ತಿರುವತಾನ?”

“ಚಿತ್ರ ನೋಡಿ ತಿರುವತಾನ್ರಿ.”

“ನೀ ಬಿ.ಎ. ಆದಾಕಿ, ನಿನಗ ಎಲ್ಲಾ ಗೊತ್ತೈತಿ. ನನ್ನ ಮಗಾ ಏಳ ವರ್ಷಕ್ಕ ಅ ತಿದ್ದಿದಾಂವ. ಈ ಕೂಸಿಗೆ ಯಾರ ಕಲಿಸ್ಯಾರ? ಇದು ಹಿಂದಿನ ಜನ್ಮದ ವಿದ್ಯಾ. ನೆನಪ ಉಳದೈತಿ ಅವಗ!”

ಮಗ ಸಂದೇಶ ತಲೆ ಎತ್ತಿ ಹೆಂಡತಿಯನ್ನು ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಪಲ್ಯಕ್ಕೆ ಕೈ ಹಾಕಿದ. ಅವನದು ಯಾವಾಗಲೂ ಇಷ್ಟೇ. ಟ್ರ್ಯಾಕ್ಟರ್ ಮುಂದೆ ಹುಲಿ, ಅಪ್ಪನ ಮುಂದೆ ಇಲಿ.

ಮಹಾವೀರ ಕೈ ತೊಳೆದು ಬಂದು ಮೊಮ್ಮಗನ ಮೂಗಿನಿಂದ ಪುಸ್ತಕ ಕಿತ್ತ. “ಹಂಗ ಮಾರಿಗೆ ಹಚ್ಚಗೊಂಡ ಓದಬಾರದಪಾ. ಉಗುಳ ತಾಗತೈತಿ. ಪುಸ್ತಕ ಅಂದ್ರ ಜಿನವಾಣಿ. ಅಪಮಾನ ಆಗತೈತಿ.” ದೇವರ ಕೋಣೆಯಿಂದ ಶಾಸ್ತ್ರ ಇಟ್ಟು ಓದುವ ಮರದ ವ್ಯಾಸಪೀಠ ತಂದ. ಮೇಲೆ ಬಿಳಿ ಬಟ್ಟೆ ಹಾಸಿದ. ಎಮ್ಮೆಯ ಪುಸ್ತಕವನ್ನು ಅದರ ಮೇಲೆ ತೆರೆದಿಟ್ಟು, ಹುಡುಗನನ್ನು ಒಂದೂವರೆ ಮೊಳ ದೂರ ಕೂರಿಸಿ, ಬೆನ್ನಿಗೆ ಮೆಲ್ಲಗೆ ಗುದ್ದಿದ. “ನೆಟ್ಟಗ ಕುಂಡರ. ಕೈ ಜೋಡಸ. ಈಗ ಓದ.”

ಹುಡುಗ ಕಣ್ಣು ಕಿರಿದು ಮಾಡಿ ಪುಸ್ತಕದ ಕಡೆ ನೋಡಿದ. ಆಮೇಲೆ ಅಜ್ಜನ ಕಡೆ ನೋಡಿದ. ಆಮೇಲೆ ಗಡಗಡ ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ.

ಅವತ್ತೇ ಸಂಜೆ ಬಸದಿ ಕಮಿಟಿಯ ಭೀಮಗೊಂಡ ಮನೆಗೆ ಬಂದ. ಮಹಾವೀರನ ಬಾಲ್ಯದ ಗೆಳೆಯ. ಹುಡುಗನ ಓದು ಕೇಳಿ ಬಾಯಿ ತೆರೆದವನು ಮುಚ್ಚಲೇ ಇಲ್ಲ.

“ಮಹಾವೀರ, ಇದನ್ನ ಮನ್ಯಾಗ ಮುಚ್ಚಿ ಇಡಬಾರದೋ. ದಶಲಕ್ಷಣ ಪರ್ವದ ಹತ್ತನೇ, ಕಡೀ ದಿವಸ ಸ್ಟೇಜ್ ಹತ್ತಸೂಣು. ಬಾಲಬೋಧದ ಪುಸ್ತಕ ಕೊಡೂಣು ಕೈಯಾಗ. ಸುತ್ತ ಹತ್ತ ಊರ ಮಂದಿ ಬರತೈತಿ.”

“ಇನ್ನ ಐದ ವಾರ ಐತಿ. ತಯಾರ ಮಾಡತೇನಿ,” ಎಂದ ಮಹಾವೀರ. ಅವನ ಎದೆ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ.

*

ಶನಿವಾರ ಲೈಬ್ರರಿಯಲ್ಲಿ ಮಕ್ಕಳ ಕಥೆಯ ಹೊತ್ತು. ಅದನ್ನು ನಡೆಸುವವಳು ಸಾರಿಕಾ. ಪುಸ್ತಕವನ್ನು ಎದೆಗೆ ಆನಿಸಿ, ಚಿತ್ರ ಮಕ್ಕಳ ಕಡೆ ಮಾಡಿ ಹಿಡಿದು ಕೇಳುತ್ತಿದ್ದಳು: ಇದರಾಗ ಬೆಕ್ಕ ಎಲ್ಲೈತಿ? ಆಕಿ ತಲಿ ಮ್ಯಾಲೆ ಏನೈತಿ? ಎಲ್ಲ ಓಣಿಯ ಮಕ್ಕಳು ಒಂದೇ ಜಮಖಾನೆಯ ಮೇಲೆ ಕುಳಿತು ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದವು. ಅಭಿನಂದನ ಮಾತ್ರ ಕೂಗಲಿಲ್ಲ. ಎದ್ದು ಹೋಗಿ ಪುಸ್ತಕಕ್ಕೆ ಮೂಗು ಹಚ್ಚಿದ. “ಏ ಅಭ್ಯಾ, ನಮಗ ಕಾಣವಲ್ದು, ಸರಿಯೋ!” ಎಂದು ಹಿಂದಿನವು ಅಂಗಿ ಜಗ್ಗಿದವು.

ಎಲ್ಲ ಮಕ್ಕಳು ಹೋದ ಮೇಲೆ ಸಾರಿಕಾ ಕಾಜಲಳನ್ನು ನಿಲ್ಲಿಸಿದಳು.

“ವೈನಿ, ಸಿಟ್ಟಿಗೇಳಬ್ಯಾಡ್ರಿ. ಇವನ ಕಣ್ಣ ತೋರಿಸ್ರಿ.”

“ಯಾಕ? ಚಂದಗೆ ಓಡ್ಯಾಡತಾನಲ್ಲ. ಓದತಾನ ಅಂತ ಮಾವಾರು ಊರೆಲ್ಲಾ ಡಂಗುರಾ ಹೊಡದಾರ.”

“ಓಡ್ಯಾಡೂದ ಮನ್ಯಾಗ. ಮನಿ ಅವಗ ಪಾಠ ಐತಿ. ನಮ್ಮ ತಮ್ಮಂದೂ ಹಿಂಗ ಇತ್ರಿ. ಹತ್ತ ವರ್ಷದಾಂವ ಆದಾಗ ತೋರಿಸಿದ್ವಿ. ಎಡಗಣ್ಣ ತಿರುಗಿ ಬರೂದಿಲ್ಲ, ತಡಾ ಮಾಡೀರಿ ಅಂದ್ರು. ಮಿಲ್ಟ್ರಿ ಭರತಿಗೆ ಹೋದಾಂವನ್ನ ಗೇಟಿನಿಂದ ಹೊಳ್ಳಿ ಕಳಿಸಿದ್ರು. ಇಂವಗ ಇನ್ನ ಐದ ಸುದ್ದಾ ಆಗಿಲ್ಲ. ಈಗ ತೋರಿಸಿದ್ರ ಉಳೀತೈತಿ.”

ಕಾಜಲಳಿಗೆ ಸಿಟ್ಟೇ ಬಂತು. ತನ್ನ ಮಗನಿಗೆ ಕಣ್ಣಿಲ್ಲ ಎಂದರೆ ಯಾವ ತಾಯಿಗೆ ಬರುವುದಿಲ್ಲ? “ನೋಡತೇನಿ ಬಿಡ,” ಎಂದು ಹುಡುಗನ ಕೈ ಹಿಡಿದು ಹೊರಟಳು. ಬರುವಾಗ ಹೊಸ ಪುಸ್ತಕ ಒಂದನ್ನು ತಂದಿದ್ದಳು. ಅದಕ್ಕೂ ಕೆಂಪು ರಟ್ಟು. ಒಳಗೆ ಬದನೆಕಾಯಿ ಮಾರುವ ಅಜ್ಜಿಯ ಕಥೆ.

ಮೂರು ದಿನ ಅವಳು ಏನೂ ಮಾಡಲಿಲ್ಲ. ನಾಲ್ಕನೆಯ ದಿನ ಅವಸರದಲ್ಲಿ ಪೀಠದ ಮೇಲೆ ತಪ್ಪಿ ಬದನೆಕಾಯಿಯ ಪುಸ್ತಕ ಇಟ್ಟು ಹೋದಳು. ಮಹಾವೀರ ತೂಗುಮಂಚದ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದ. ಹುಡುಗ ಕೈ ಜೋಡಿಸಿ ಶುರು ಮಾಡಿದ.

“ಎಮ್ಮೆ ಬಂತು ಬಸ್ ಸ್ಟ್ಯಾಂಡಿಗೆ.”

ಕಾಜಲ ಅಡುಗೆಮನೆಯಿಂದ ನೋಡಿದಳು. ಪೀಠದ ಮೇಲೆ ಅಜ್ಜಿ, ಬುಟ್ಟಿ, ಬುಟ್ಟಿಯ ತುಂಬ ನೀಲಿ ಬದನೆಕಾಯಿ. ಹುಡುಗ ಪುಟ ತಿರುವಿದ. ಅಲ್ಲಿ ಸಂತೆ. “ಕೋಡಿಗೆ ಇತ್ತು ಕೈಚೀಲ.” ಮತ್ತೆ ತಿರುವಿದ. ಅಲ್ಲಿ ಅಜ್ಜಿ ತಕ್ಕಡಿ ಹಿಡಿದಿದ್ದಾಳೆ. “ಕಂಡಕ್ಟರ್ ಕೇಳಿದ.”

“ಶಾಬ್ಬಾಸ್!” ಎಂದ ಮಹಾವೀರ, ಕಣ್ಣು ತೆರೆಯದೆ.

ಕಾಜಲಳ ಕೈಯಲ್ಲಿದ್ದ ಚರಿಗೆ ಜಾರಿ ನೀರೆಲ್ಲ ನೆಲದ ಪಾಲಾಯಿತು.

ಆಗ ಸಂದೇಶ ಟ್ರ್ಯಾಕ್ಟರ್ ರಿಪೇರಿ ಮುಗಿಸಿ ನಡೆದುಕೊಂಡು ಬರುತ್ತಿದ್ದ. ಕಾಜಲ ಹುಡುಗನನ್ನು ಎತ್ತಿಕೊಂಡು ಹೊರಗಿನ ಕಟ್ಟೆಗೆ ಓಡಿದಳು. ಗಂಡನಿಗೆ ತುಟಿಯ ಮೇಲೆ ಬೆರಳಿಟ್ಟು, ಗೇಟಿನ ಹತ್ತಿರವೇ ನಿಲ್ಲು, ಮಾತಾಡಬೇಡ ಎಂದು ಸನ್ನೆ ಮಾಡಿದಳು. ಸಂದೇಶ ಏನೋ ಆಟ ಎಂದುಕೊಂಡು ನಿಂತ. ಕಟ್ಟೆಯಿಂದ ಗೇಟಿಗೆ ಇಪ್ಪತ್ತು ಹೆಜ್ಜೆ ಇಲ್ಲ.

“ಅಭಿ, ಅಲ್ಲಿ ಏನೈತಿ ನೋಡ.”

ಹುಡುಗ ಕಣ್ಣು ಕಿರಿದು ಮಾಡಿದ. ಕತ್ತು ಓರೆ ಮಾಡಿದ. “ಕಂಬಾ.”

“ಸರಿಯಾಗಿ ನೋಡ ಕೂಸ.”

“ಕಂಬಾ ಐತಿ ಮಮ್ಮಿ. ಕರೀ ಕಂಬಾ.”

“ಲೇ ಮಗನಾ, ನಿಮ್ಮಪ್ಪಗ ಕಂಬಾ ಅಂತಿಯೇನೋ!” ಎಂದು ಸಂದೇಶ ನಕ್ಕ.

“ಪಪ್ಪಾ!” ದನಿ ಕೇಳಿದ ತಕ್ಷಣ ಹುಡುಗ ಕುಣಿದ. “ಪಪ್ಪಾ ಬಂದ್ರು! ಎಲ್ಲಿದಾರ?”

ಸಂದೇಶನ ನಗು ಮುಖದ ಮೇಲೆಯೇ ನಿಂತು ಹೋಯಿತು.

*

ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು. ಜಗಳವಿದ್ದರೂ ಅಷ್ಟರೊಳಗೇ ಮುಗಿಸಬೇಕು. ಆ ಸಂಜೆ ಎರಡೂ ಒಟ್ಟಿಗೆ ನಡೆದವು.

“ನಾಳೆ ಮಿರಜಕ್ಕ ಹೋಗಿ ಕಣ್ಣ ತೋರಿಸಿಕೊಂಡ ಬರತೇವ್ರಿ,” ಎಂದಳು ಕಾಜಲ.

“ಯಾರ ಹೇಳಿದ್ರ ತೋರಸಾಕ?”

“ಲೈಬ್ರರಿ ಸಾರಿಕಾ ಹೇಳಿದ್ಲು. ನಾನೂ ನೋಡಿದ್ನಿ. ಇವರೂ ನೋಡ್ಯಾರ.”

ಮಹಾವೀರ ತಾಟು ಸರಿಸಿದ. “ಆ ಓಣಿ ಹುಡಿಗಿ ನಮ್ಮ ಮನಿಗೆ ಕಣ್ಣಿನ ಡಾಕ್ಟರ್ ಆದ್ಲೇನ?”

ಆ ಓಣಿ ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. ಸಾರಿಕಾ ದಲಿತರ ಓಣಿಯ ಬೌದ್ಧ ಮನೆಯವಳು. ಎಂ.ಎ. ಪಾಸು. ಮಹಾವೀರ ಏಳನೆಯತ್ತ ಫೇಲು.

“ಅಪ್ಪಾ, ನನ್ನ ನೋಡಿ ಕಂಬಾ ಅಂದ,” ಎಂದ ಸಂದೇಶ ಮೆಲ್ಲಗೆ.

“ಹುಡುಗಾಟಿಕಿ ಮಾಡ್ಯಾನ. ನಮ್ಮ ಮನೆತನದಾಗ ಯಾರಿಗರೇ ಚಸ್ಮಾ ಐತೇನ? ನಿಮ್ಮವ್ವನ್ನ ನೋಡ. ಐವತ್ತೆಂಟ ನಡೀತ. ಇವತ್ತಿಗೂ ಚಸ್ಮಾ ಇಲ್ಲದ ಸೂಜ್ಯಾಗ ದಾರಾ ಪೋಣಸತಾಳ. ಊರಾಗ ಯಾವ ಹೆಂಗಸ ಪೋಣಸತಾಳ ಹೇಳ ನನಗ? ಪರ್ವ ಮುಗೀಲಿ. ಆಮ್ಯಾಲೆ ನೋಡೂಣು.”

“ಆಮ್ಯಾಲೆ ಅಂದ್ರ ತಡಾ ಆಗತೈತ್ರಿ,” ಕಾಜಲಳ ದನಿ ಏರಿತು. “ಇಪ್ಪತ್ತ ಹೆಜ್ಜಿ ದೂರ ಹೆತ್ತ ಅಪ್ಪ ನಿಂತಾನ, ಕೂಸಿಗೆ ಗುರುತ ಸಿಗಲಿಲ್ಲ. ಇಪ್ಪತ್ತ ಹೆಜ್ಜಿ!”

ಕುಸುಮ ಒಲೆಯ ಮುಂದೆ ಕುಳಿತು ಕೊನೆಯ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆ ಅಂದಳು:

“ಅದಕ್ಯಾಕ ಇಷ್ಟ ರಂಪಾ? ಇಪ್ಪತ್ತ ಹೆಜ್ಜಿ ದೂರ ನಿಂತ್ರ ಗುರುತ ಯಾರಿಗೆ ಸಿಗತೈತಿ? ದನಿ ಕೇಳಿದ ಮ್ಯಾಲೆನ ಗೊತ್ತಾಗೂದು.”

ಮೂವರೂ ಅವಳ ಕಡೆ ತಿರುಗಿದರು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಗತೊಡಗಿತು.

“ಅತ್ತೀ,” ಕಾಜಲ ಮೆಲ್ಲಗೆ ಕೇಳಿದಳು, “ಇಲ್ಲಿಂದ ನಾ ನಿಮಗ ಹೆಂಗ ಕಾಣತೇನ್ರಿ?”

“ಹೆಂಗ ಅಂದ್ರ? ಹಸಿರ ಸೀರಿ ಕಾಣತೈತಿ. ಮಾತಾಡಿದ್ರ ನೀ ಅಂತ ತಿಳೀತೈತಿ.”

“ಮುಖಾ?”

“ಮುಖಾ ಹತ್ತರ ಬಂದ್ರ ಕಾಣತೈತಿ. ಎಲ್ಲಾರಿಗೂ ಹಂಗ ಅಲ್ಲೇನ?”

ಕುಸುಮಳಿಗೆ ಗಾಬರಿಯಾಯಿತು. ತಾನು ಏನೋ ತಪ್ಪು ಆಡಿದೆ ಎಂದುಕೊಂಡು ಎಲ್ಲರ ಕಡೆ, ಅಂದರೆ ಮೂರು ಬಣ್ಣಗಳ ಕಡೆ, ನೋಡಿದಳು. “ಯಾಕ ಸುಮ್ಮನಾದ್ರಿ? ನಿಮಗ ಕಾಣತೈತೇನ? ಅಲ್ಲಿಂದ ನನ್ನ ಮುಖಾ ಕಾಣತೈತಿ?”

“ಕಾಣತೈತವ್ವಾ,” ಎಂದ ಸಂದೇಶ.

“ಮೂಗ, ಬಾಯಿ ಎಲ್ಲಾ?”

“ಎಲ್ಲಾ.”

ಕುಸುಮ ರೊಟ್ಟಿ ತೆಗೆದಳು. ಸುಟ್ಟ ರೊಟ್ಟಿಯನ್ನು ತಾನೇ ಇಟ್ಟುಕೊಂಡಳು. ಗಂಡನ ದಿಕ್ಕಿಗೆ ತಿರುಗಿ ಅಂದಳು: “ನಾಳೆ ಕಾಜಲ ಜೋಡಿ ನಾನೂ ಹೋಗತೇನ್ರಿ.”

ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ‘ಹೋಗಲ್ರಿ?’ ಎಂದು ಕೇಳಿದ್ದಳೇ ಹೊರತು ‘ಹೋಗತೇನ್ರಿ’ ಎಂದು ಹೇಳಿದ್ದಿಲ್ಲ. ಮಹಾವೀರನಿಗೆ ಬೈಯಬೇಕು ಎನ್ನುವುದೂ ಹೊಳೆಯಲಿಲ್ಲ.

*

ಕಾಗವಾಡ ದಾಟಿದರೆ ಮಿರಜ. ಅತ್ತೆ, ಸೊಸೆ, ಹುಡುಗ ಮೂವರೂ ಬಸ್ಸಿನಲ್ಲಿ ಹೋದರು. ಇಳಿಯುವಾಗ, ರಸ್ತೆ ದಾಟುವಾಗ ಕುಸುಮ ಸೊಸೆಯ ಸೆರಗಿನ ತುದಿ ಹಿಡಿದಳು. ಮೊದಲಿನಿಂದಲೂ ಹಿಡಿಯುತ್ತಿದ್ದಳು. ಹಳ್ಳಿಯ ಹೆಂಗಸು, ಪೇಟೆ ಕಂಡರೆ ಅಂಜುತ್ತಾಳೆ ಎಂದು ಕಾಜಲ ಆರು ವರ್ಷ ಒಳಗೊಳಗೇ ನಕ್ಕಿದ್ದಳು. ಈಗ ಅವಳಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

ಕಣ್ಣಿನ ಡಾಕ್ಟರು ಹೆಂಗಸು. ಅರ್ಧ ಮರಾಠಿ, ಅರ್ಧ ಕನ್ನಡ ಮಾತು. ಹುಡುಗನ ಕಣ್ಣಿಗೆ ಔಷಧ ಬಿಟ್ಟು, ಒಂದು ತಾಸು ಕೂರಿಸಿ, ಮಶಿನ್ನಿನಲ್ಲಿ ನೋಡಿ, ಮತ್ತೆ ನೋಡಿ ಹೇಳಿದರು.

“ಬಲಗಣ್ಣ ಮೈನಸ್ ಒಂಬತ್ತ. ಎಡಗಣ್ಣ ಹನ್ನೆರಡ. ಎಡಗಣ್ಣ ಕೆಲಸಾನ ಬಿಟ್ಟು ಮಲಕೊಂಡೈತಿ. ಚಸ್ಮಾ ಇವತ್ತ ಮಾಡಾಕ ಕೊಡಬೇಕು. ದಿನಾ ಎರಡ ತಾಸ ಬಲಗಣ್ಣಿಗೆ ಪಟ್ಟಿ ಹಚ್ಚಿ ಎಡಗಣ್ಣಿಗೆ ದುಡಸಬೇಕು. ಏಳೆಂಟ ವರ್ಷದ ಮ್ಯಾಲೆ ಬಂದಿದ್ರ ನಾ ಏನೂ ಮಾಡಾಕ ಆಗತಿದ್ದಿಲ್ಲ. ಒಂದ ದಿವಸಾನೂ ತಗೀಬಾರದು. ಸಮಜಲಾ?”

“ತಿಳೀತ್ರಿ,” ಎಂದಳು ಕಾಜಲ.

“ಈ ನಂಬರ ಸುಮ್ನ ಬರೂದಿಲ್ಲ. ಮನ್ಯಾಗ ಇನ್ನ ಯಾರಿಗೆ ಐತಿ?” ಡಾಕ್ಟರು ಕುಸುಮಳನ್ನು ನೋಡಿದರು. “ಆಜೀ, ಯಾ. ಬಸಾ ಇಥೆ.”

ಕುಸುಮ ಆ ಎತ್ತರದ ಕುರ್ಚಿಯ ಮೇಲೆ ಕುಳಿತಳು. ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟರು. ಒಂದೊಂದೇ ಗಾಜು ಹಾಕಿದರು, ತೆಗೆದರು, ಹಾಕಿದರು.

“ಆಜೀ, ಎಷ್ಟನೇತ್ತ ಕಲಿತೀರಿ?”

“ಎರಡನೇತ್ತ ಬಿಟ್ನಿರಿ. ಬೋರ್ಡಿನ ಮ್ಯಾಲೆ ಮಾಸ್ತರ ಬರೀತಿದ್ರು. ನನಗ ಬೋರ್ಡ ಅಷ್ಟ ಕಾಣತಿತ್ತು. ಓದ ಅಂದ್ರ ಏನ ಓದ್ಲಿ? ದಡ್ಡಿ ಅಂತ ಬೆತ್ತದ್ಲೆ ಹೊಡದ್ರು. ನಮ್ಮಪ್ಪ ಬಿಡಿಸಿ ಶೇಂಗಾ ಹರಿಯಾಕ ಹಚ್ಚಿದ. ಅದನ್ನ ಚಲೋ ಮಾಡತಿದ್ನಿ. ಕೈಗೆ ಹತ್ತರ ಇರತಿತ್ತು.”

ಡಾಕ್ಟರು ಕೊನೆಯ ಗಾಜು ಹಾಕಿ ಕೈ ಹಿಂದಕ್ಕೆ ತೆಗೆದರು. ಕುಸುಮ ಕತ್ತು ಎತ್ತಿದಳು. ಗೋಡೆ ನೋಡಿದಳು. ಗೋಡೆಯ ಮೇಲಿನ ಗಡಿಯಾರ ನೋಡಿದಳು. ಕಿಟಕಿಯ ಆಚೆ ಏನೋ ನೋಡಿದಳು. ಆಮೇಲೆ ಬಾಗಿಲ ಹತ್ತಿರ ನಿಂತ ಸೊಸೆಯ ಕಡೆ ತಿರುಗಿದಳು.

“ಕಾಜಲಾ, ಇಷ್ಟ ಸಣ್ಣ ಹುಡಿಗಿ ಏನ ನೀ!” ಎಂದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಡಾಕ್ಟರು ಕಾಜಲಳಿಗೆ ಬೇರೆ ಕರೆದು ಹೇಳಿದರು. ಅಜ್ಜಿಯದು ಮೈನಸ್ ಹತ್ತು. ಸೂಜಿ ಪೋಣಿಸುವುದು ಕಣ್ಣು ಚಲೋ ಇದ್ದುದಕ್ಕೆ ಅಲ್ಲ, ಹತ್ತಿರದ್ದು ಬಿಟ್ಟರೆ ಬೇರೇನೂ ಕಾಣದ ಕಣ್ಣು ಅದು. ಒಳಗಿನ ಪರದೆ ತೆಳ್ಳಗಾಗಿದೆ. ಪೂರ್ತಿ ಸರಿಹೋಗುವುದಿಲ್ಲ. ಇದ್ದಷ್ಟು ಕಾಣುತ್ತದೆ.

*

ಮೂರು ದಿನಕ್ಕೆ ಚಸ್ಮಾ ಬಂದವು. ಅಜ್ಜಿಗೊಂದು, ಮೊಮ್ಮಗನಿಗೊಂದು. ಹುಡುಗನದು ಬೀಳದಂತೆ ತಲೆಯ ಹಿಂದೆ ನೀಲಿ ಇಲಾಸ್ಟಿಕ್ ದಾರ ಇತ್ತು.

ಮಹಾವೀರ ಬೈಯಲಿಲ್ಲ, ಹೊಗಳಲಿಲ್ಲ. ಬಸದಿಗೆ ಹೋಗುವುದು, ಬರುವುದು. ಹೆಂಡತಿ ಎದುರು ಬಂದರೆ ಮುಖ ತಿರುಗಿಸುತ್ತಿದ್ದ. ಅವಳು ಚಸ್ಮಾ ಹಾಕಿಕೊಂಡು ತನ್ನನ್ನೇ ನೋಡುತ್ತಿದ್ದಾಳೆ ಎನ್ನುವುದು ಅವನಿಗೆ ತಡೆಯಲಾಗದ ಕಾಟವಾಯಿತು.

ಆದರೆ ಅದಕ್ಕಿಂತ ದೊಡ್ಡ ಹೊಡೆತ ಬೇರೆ ಇತ್ತು. ಹುಡುಗ ಓದುವುದು ಬಿಟ್ಟ.

ಚಸ್ಮಾ ಹಾಕಿದ ದಿನವೇ ಅವನು ಅಂಗಳಕ್ಕೆ ಓಡಿದ. ಹುಣಸೆ ಗಿಡದ ಕೆಳಗೆ ನಿಂತು, “ಆಯಿ! ಗಿಡದ ತುಂಬ ಸಣ್ಣ ಸಣ್ಣೂ ಅದಾವ!” ಎಂದು ಅಜ್ಜಿಯನ್ನು ಕೂಗಿದ. ಎಲೆಗಳು. ಅಜ್ಜಿಯೂ ಹೋಗಿ ನಿಂತಳು. ಇಬ್ಬರೂ ಬಾಯಿ ತೆರೆದು ಮೇಲೆ ನೋಡಿದರು. ಒಲೆಯ ಮೇಲಿನ ಬೇಳೆ ಉಕ್ಕಿ ಹರಿಯಿತು.

ಮಹಾವೀರ ಹಿಡಿದು ತಂದು ಪೀಠದ ಮುಂದೆ ಕೂರಿಸಿದರೆ ಹುಡುಗ ಬಾಯಿಯನ್ನೇ ಬಿಡಲೊಲ್ಲ. ಒಂದೇ ಪುಟವನ್ನು ನೋಡುತ್ತ ಕುಳಿತುಬಿಡುತ್ತಿದ್ದ.

“ಓದೋ.”

“ಅಜ್ಜಾ, ಬಸ್ಸಿನ ಕಿಡಕ್ಯಾಗ ಒಂದ ಕೋಳಿ ಕುಂತೈತಿ. ಅದರ ಟಿಕೀಟ ಯಾರ ತಗದಾರ?”

“ಕೋಳಿ ಬಿಡ. ಎಮ್ಮೆ ಬಂತು, ಮುಂದ ಹೇಳ.”

“ಎಮ್ಮೀಗೆ ಮೂಗದಾರ ಇಲ್ಲ. ಯಾಕಿಲ್ಲ? ಕಂಡಕ್ಟರಗ ಮೀಸಿ ಅದಾವ. ಅಜ್ಜಾ, ನಿಮಗೂ ಅದಾವ!”

ಪರ್ವ ಶುರುವಾಯಿತು. ಮಹಾವೀರ ಉಪವಾಸ ಹಿಡಿದ. ಒಂಬತ್ತನೆಯ ದಿನ ಭೀಮಗೊಂಡ ಬಂದು ಕಾರ್ಯಕ್ರಮ ಪತ್ರಿಕೆ ಕೊಟ್ಟು ಹೋದ. ‘ಬಾಲಪ್ರತಿಭೆ ಅಭಿನಂದನ ಮಗದುಮ್ ಇವರಿಂದ ಗ್ರಂಥವಾಚನ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

“ಚಸ್ಮಾ ಬಂತು, ವಿದ್ಯಾ ಹೋತು,” ಎಂದ ಮಹಾವೀರ ಸೊಸೆಗೆ. “ಆ ಗಾಜ ಅವನ ತಲೀ ಕೆಡಿಸ್ಯಾವ. ಹೋದ ಜನ್ಮದ್ದ ಎಲ್ಲಾ ಅಳಿಸಿ ಹೋತು.”

“ಅಳಿಸಿ ಹೋಗಿಲ್ರಿ ಮಾವಾರ. ಮೊದಲ ಏನೂ ಕಾಣತಿದ್ದಿಲ್ಲ, ಅದಕ್ಕ ಬಾಯಿಲೆ ಹೇಳತಿದ್ದ. ಈಗ ಕಾಣತೈತಿ, ಅದಕ್ಕ ನೋಡತಾನ.”

“ನಾಳೆ ಒಂದ ತಾಸ ತಗದಿಡ.”

“ಒಂದ ನಿಮಿಷ ತಗಿಯಾಂಗಿಲ್ರಿ. ಸ್ಟೇಜ್ ಬ್ಯಾಡ, ಏನೂ ಬ್ಯಾಡ.”

“ಪತ್ರಿಕಿ ಅಚ್ಚ ಆಗೈತಿ! ಮಂದಿ ಮುಂದ ನಾ ಏನ ಹೇಳ್ಲಿ?”

ಈ ಸಲ ಸಂದೇಶ ಎದ್ದು ಹೋಗಿ ಹೆಂಡತಿಯ ಪಕ್ಕ ನಿಂತ.

*

ಮರುದಿನ ಬೆಳಗ್ಗೆ ಹುಡುಗನ ಚಸ್ಮಾ ಇರಲಿಲ್ಲ.

ಜಳಕಕ್ಕೆ ತೆಗೆದು ಗೋಡೆಯ ಮಾಡದಲ್ಲಿ ಇಟ್ಟದ್ದು ಮಾಯ. ಕಾಜಲ ಹಾಸಿಗೆ ಝಾಡಿಸಿದಳು, ಕಪಾಟು ಬರಿದು ಮಾಡಿದಳು. ಸಂದೇಶ ಬಚ್ಚಲ ಮೋರಿಗೆ ಕೈ ಹಾಕಿದ. ಹುಡುಗ ಗೋಡೆ ಹಿಡಿದು ನಿಂತು ಅಳುತ್ತಿದ್ದ. ಹದಿನೈದು ದಿನ ಕಂಡವನಿಗೆ ಕಾಣದಿದ್ದರೆ ಏನಾಗುತ್ತದೆ ಎಂದು ಆ ಮನೆಯವರು ಆಗ ನೋಡಿದರು. ಮೊದಲು ಕಣ್ಣು ಕಟ್ಟಿದರೂ ಓಡಾಡುತ್ತಿದ್ದ ಪಡಸಾಲೆಯಲ್ಲಿ ಈಗ ಒಂದು ಹೆಜ್ಜೆ ಇಡಲೊಲ್ಲ.

“ಸಿಗತೈತಿ ಬಿಡ್ರಿ. ಹೊತ್ತ ಆತು, ಹಂಗ ಕರಕೊಂಡ ಬರ್ರಿ,” ಎಂದ ಮಹಾವೀರ. ಬಿಳಿ ಧೋತರ, ಬಿಳಿ ಜುಬ್ಬಾ, ಕೈಯಲ್ಲಿ ಪೂಜೆಯ ಡಬ್ಬಿ. ಅಂಗಳದ ಆ ತುದಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

ಕುಸುಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇಬ್ಬರ ನಡುವೆ ಇಡೀ ಅಂಗಳ ಇತ್ತು.

“ನಿಮ್ಮ ಬಕ್ಕಣದಾಗಿಂದ ನೀಲಿ ದಾರಾ ಜೋತ ಬಿದ್ದೈತಿ,” ಎಂದಳು.

ಮಹಾವೀರನ ಕೈ ತಟ್ಟನೆ ಜುಬ್ಬಾದ ಕಿಸೆಯ ಮೇಲೆ ಹೋಯಿತು. ಅಷ್ಟು ದೂರದಿಂದ ಅವಳು ಹೀಗೆ ಗುರುತಿಸಿ ಹೇಳಿದ್ದು ಮೂವತ್ತಾರು ವರ್ಷದಲ್ಲಿ ಇದೇ ಮೊದಲು. ಕೈ ಅಲ್ಲೇ ಉಳಿಯಿತು.

“ಮಾವಾರ!” ಎಂದಳು ಕಾಜಲ.

“ಒಂದ ತಾಸಿನ ಸಲವಾಗಿ ತಗೊಂಡೇನಿ,” ಮಹಾವೀರ ಒದರಿದ. “ಕದ್ದಿಲ್ಲ! ನನ್ನ ಮೊಮ್ಮಗಾ ಅಂವ! ಅವಗ ಕಣ್ಣ ಹೋಗಲಿ ಅಂತೇನಿ ಏನ ನಾ?”

ಕುಸುಮ ಅಂಗಳ ದಾಟಿ ಬಂದಳು. ಅವನ ಎದುರಿಗೆ ಎರಡು ಮೊಳ ದೂರದಲ್ಲಿ ನಿಂತಳು. ಹತ್ತಿರ ಬರುವ ಅಗತ್ಯ ಈಗ ಅವಳಿಗೆ ಇರಲಿಲ್ಲ.

“ಮೂವತ್ತಾರ ವರ್ಷ ನಿಮ್ಮ ಜೋಡಿ ಬಾಳೇ ಮಾಡೇನಿ. ನಿಮ್ಮ ಮುಖಾ ನೆಟ್ಟಗ ಕಾಣಾಕ ಹತ್ತಿ ಹದಿನೈದ ದಿವಸ ಆತು. ಅಕ್ಷರಗೆಟ್ಟಾಕಿ ಅಂದ್ರಿ, ಅನಸ್ಕೊಂಡ್ನಿ. ದಡ್ಡಿ ಅಂದ್ರಿ, ಹೌದ ಅಂತ ನಾನೂ ತಿಳಕೊಂಡ್ನಿ. ನನ್ನ ಕಣ್ಣ ಕಾಣತಿಲ್ಲ ಅನ್ನೂದ ನನಗ ಗೊತ್ತಿದ್ದಿಲ್ಲ, ನಿಮ್ಮ ಕಣ್ಣ ಕಾಣತಿದ್ದುವಲ್ಲ, ನೀವರೇ ಒಂದ ದಿವಸ ನೋಡಬೇಕಿತ್ತಲ್ಲ? ಹೋಗ್ಲಿ. ನಂದು ಮುಗದೈತಿ. ಆದ್ರ ಈಗ ನಿಮ್ಮ ಮುಖಾ ನೋಡಾಕತ್ತೇನಿ. ನೋಡಲಾರದಂಥಾ ಮುಖಾ ಮಾಡಿಕೋಬ್ಯಾಡ್ರಿ.”

ಮಹಾವೀರ ಪೂಜೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕಿಸೆಗೆ ಕೈ ಹಾಕಿದ. ಚಸ್ಮಾ ತೆಗೆದು, ಧೋತರದ ಅಂಚಿನಿಂದ ಗಾಜು ಒರೆಸಿ, ಗೋಡೆಯ ಹತ್ತಿರ ಹೋಗಿ ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ದಾರ ಕಿವಿಗೆ ಸಿಕ್ಕಿಕೊಂಡಿತು. ಮೂರನೆಯ ಸಲಕ್ಕೆ ಸರಿಯಾಗಿ ಕೂತಿತು.

ಬಸದಿಯ ಸಭಾಭವನ ಕಿಕ್ಕಿರಿದು ತುಂಬಿತ್ತು. ಭೀಮಗೊಂಡ ಮೈಕಿನಲ್ಲಿ ಹೆಸರು ಕರೆದ. ಮಹಾವೀರ ಒಬ್ಬನೇ ಹತ್ತಿದ. ಹುಡುಗ ಕೆಳಗೆ ಅಜ್ಜಿಯ ತೊಡೆಯ ಮೇಲೆ ಕುಳಿತು ಚಾವಣಿಗೆ ಕಟ್ಟಿದ ಬಣ್ಣದ ಪತಾಕೆ ಎಣಿಸುತ್ತಿದ್ದ.

“ಜೈ ಜಿನೇಂದ್ರ,” ಎಂದ ಮಹಾವೀರ. “ನನ್ನ ಮೊಮ್ಮಗಗ ಓದಾಕ ಬರೂದಿಲ್ಲ. ಅವರ ಅವ್ವ ಓದಿದ್ದ ಬಾಯಿಪಾಠ ಮಾಡಿದ್ದ. ನಾ ತಪ್ಪ ತಿಳಕೊಂಡ್ನಿ. ಕೂಸಿಗೆ ಕಣ್ಣ ಕಾಣತಿದ್ದಿಲ್ಲ. ನನ್ನ ಮನ್ಯಾಕಿಗೂ ಕಾಣತಿದ್ದಿಲ್ಲ. ಒಂದ ಮನ್ಯಾಗ ಇದ್ದು ನನಗ ಗೊತ್ತಾಗಲಿಲ್ಲ. ಇಷ್ಟ.”

ಹಿಂದಿನಿಂದ ಯಾವನೋ ಒದರಿದ: “ಹಂಗಾರ ಹೋದ ಜನ್ಮದಾಗ ಕಂಡಕ್ಟರ್ ಇದ್ದನೇನೋ!” ಗಂಡಸರ ಕಡೆ ಹೋ ಎಂದು ನಗು ಎದ್ದಿತು. ಮಹಾವೀರನ ಕಿವಿ ಕೆಂಪಾದವು. ಬೇರೆ ದಿನವಾಗಿದ್ದರೆ ಇಳಿದು ಹೋಗಿ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ. ಇವತ್ತು ಮೈಕು ಕೆಳಗಿಟ್ಟು ಸ್ಟೇಜಿನ ಮೆಟ್ಟಿಲು ಇಳಿದ.

ಭೀಮಗೊಂಡ ನಗಲಿಲ್ಲ. ಮುಂದಿನ ಕಾರ್ಯಕ್ರಮ ಕರೆಯುವುದನ್ನೂ ಮರೆತು ಗೆಳೆಯನ ಹಿಂದೆ ಮೆಟ್ಟಿಲು ಇಳಿದು ಬಂದ. ಮುಖ ಸುಣ್ಣದಂತಾಗಿತ್ತು. ತೋಳು ಹಿಡಿದು ಕಂಬದ ಮರೆಗೆ ಎಳೆದ.

“ಮಹಾವೀರ, ಆ ಮಿರಜದ ಡಾಕ್ಟರ್ ಎಲ್ಲಿ ಕುಂಡರತಾರ ಹೇಳ,” ಎಂದ. “ನಮ್ಮ ಮೊಮ್ಮಗಳು ತೃಪ್ತಿ ದಿನಾ ಟಿವಿಗೆ ಮೂಗ ಹಚ್ಚಿ ನಿಂದರತಾಳೋ. ನಿನ್ನೆ ಅದಕ್ಕ ಹೊಡದೇನಿ ನಾ ಆಕಿಗೆ.”